ಬಿಟ್ವೀನ್ ಹಾಕಿದ್ರೆ ತಿಂಗಳ ಕೊನೇ ದಿನದ ರೆಕಾರ್ಡ್ಸ್ ಬರ್ತಿಲ್ಲ

ಪ್ರಶ್ನೆ:
ಮೈಎಸ್‌ಕ್ಯೂಎಲ್‌ ಡೇಟಾಬೇಸ್‌ನಲ್ಲಿ ಆರ್ಡರ್ಸ್ ಟೇಬಲ್ ಇದೆ, ಅದ್ರಲ್ಲಿ ಕ್ರಿಯೇಟೆಡ್ ಅನ್ನೋ ಕಾಲಂ ಡೇಟ್‌ಟೈಮ್ ಟೈಪು (ತಾರೀಕು, ಟೈಮ್ ಎರಡೂ ಇರುತ್ತೆ). ಮಾರ್ಚ್ ರಿಪೋರ್ಟಿಗೆ ವೇರ್‌ನಲ್ಲಿ (ಯಾವ ರೋ ಬೇಕು ಅನ್ನೋ ಷರತ್ತಲ್ಲಿ) ಬಿಟ್ವೀನ್ '2024-03-01' ಆಂಡ್ '2024-03-31' ಅಂತ ಕೊಟ್ಟಿದೀನಿ. 30ರ ತನಕ ಎಲ್ಲಾ ಬರುತ್ತೆ, 31ರದ್ದು ಒಂದೂ ಇಲ್ಲ, ಟೇಬಲ್ ತೆಗೆದು ನೋಡಿದ್ರೆ ಡೇಟಾ ಇದೆ. ಬಿಟ್ವೀನ್ ಎರಡೂ ತುದಿ ಸೇರಿಸ್ಕೊಳುತ್ತೆ ಅಂತಾರಲ್ಲ, ಮತ್ಯಾಕೆ ಹಿಂಗೆ?

ಉತ್ತರ 1:
ಸೇರಿಸ್ಕೊಳುತ್ತೆ ನಿಜ, ಆದ್ರೆ ಆ ತುದಿ ಎಲ್ಲಿದೆ ನೋಡಿ. ಟೈಮ್ ಕೊಡದೆ ಬರೀ '2024-03-31' ಅಂದ್ರೆ ಡೇಟಾಬೇಸ್ ಅದನ್ನ 31ನೇ ತಾರೀಕು 00:00:00 ಅಂತ ತಗೊಳುತ್ತೆ, ಸರಿಯಾಗಿ ಮಧ್ಯರಾತ್ರಿಗೆ ಬಿದ್ದ ರೆಕಾರ್ಡ್ ಇದ್ರೆ ಅದು ಬರುತ್ತೆ ಅಷ್ಟೇ, ಬೆಳಿಗ್ಗೆ 09:15ರದ್ದು ಆಚೆ ಹೋಯ್ತು. ಕೊನೇಲಿ 23:59:59 ಸೇರಿಸಿ, ಸರಿಹೋಗುತ್ತೆ.

ಉತ್ತರ 2:
ಕಾರಣ ಮೇಲಿನವರು ಹೇಳಿದ್ದು ಕರೆಕ್ಟ್, ಆ ಪರಿಹಾರ ಮಾತ್ರ ಬೇಡ. ಕಾಲಂನಲ್ಲಿ ಮಿಲಿಸೆಕೆಂಡ್ ಇದ್ರೆ 23:59:59.400 ತಪ್ಪಿಹೋಗುತ್ತೆ, ಹೋಗ್ಲಿ .999 ಹಾಕೋಣ ಅಂದ್ರೆ ಎಸ್‌ಕ್ಯೂಎಲ್ ಸರ್ವರ್‌ನ (ಅದು ಮೈಕ್ರೋಸಾಫ್ಟ್‌ನ ಬೇರೆ ಡೇಟಾಬೇಸ್) ಹಳೇ ಡೇಟ್‌ಟೈಮ್ ಟೈಪು ಅದನ್ನ ರೌಂಡ್ ಮಾಡಿ ಮಾರನೇ ದಿನದ 00:00:00 ಮಾಡ್ಬಿಡುತ್ತೆ, ಏಪ್ರಿಲ್ ರೆಕಾರ್ಡು ಮಾರ್ಚ್ ರಿಪೋರ್ಟಿಗೆ ನುಗ್ಗುತ್ತೆ. ಬಿಟ್ವೀನ್ ಬಿಟ್ಟು ಹಿಂಗೆ ಬರೀರಿ:

ಕ್ರಿಯೇಟೆಡ್ >= '2024-03-01' ಆಂಡ್ ಕ್ರಿಯೇಟೆಡ್ < '2024-04-01'

ತಿಂಗಳಿಗೆ 30 ದಿನಾನಾ 31ಆ, ಫೆಬ್ರವರಿ 29 ಬಂತಾ ಅನ್ನೋ ತಲೆನೋವೂ ಇರಲ್ಲ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್, ಬಂತು. ಆದ್ರೆ ಡೇಟ್(ಕ್ರಿಯೇಟೆಡ್) ಅಂತ ಮಾಡಿ, ಅಂದ್ರೆ ಟೈಮ್ ತೆಗೆದು ಬರೀ ತಾರೀಕು ಇಟ್ಕೊಂಡು, ಬಿಟ್ವೀನ್ ಹಾಕಿದ್ರೂ ಅದೇ ರಿಸಲ್ಟ್ ಬರ್ತಿದೆ, ಓದೋಕೂ ಈಸಿ, ಅದನ್ನೇ ಇಟ್ಕೊಳ್ಲಾ?

ಉತ್ತರ 3:
ರಿಸಲ್ಟ್ ಬರುತ್ತೆ, ಸ್ಪೀಡ್ ಬರಲ್ಲ. ಕಾಲಂ ಮೇಲೆ ಫಂಕ್ಷನ್ ಕೂರಿಸಿದ್ರೆ ಅದರ ಇಂಡೆಕ್ಸ್‌ನಲ್ಲಿ (ಬೇಗ ಹುಡುಕೋಕೆ ಕಾಲಂ ಮೇಲೆ ಮಾಡಿಟ್ಟ ಪಟ್ಟಿ) ಹುಡುಕೋಕಾಗಲ್ಲ, ಒಂದೊಂದೇ ರೋ ತೆಗೆದು ಡೇಟ್ ಮಾಡಿ ಹೋಲಿಸ್ತಾ ಕೂರುತ್ತೆ. ಕ್ವೆರಿ ಹೇಗೆ ಓಡುತ್ತೆ ಅಂತ ತೋರಿಸೋ ಎಕ್ಸ್‌ಪ್ಲೇನ್ ಹಾಕಿ ನೋಡಿ, ರೇಂಜ್ (ಇಂಡೆಕ್ಸ್‌ನ ಬೇಕಾದಷ್ಟು ಭಾಗ) ಅಂತ ಇದ್ದಿದ್ದು ಹೆಚ್ಚಾಗಿ ಆಲ್ (ಇಡೀ ಟೇಬಲ್) ಅಂತ ಆಗಿರುತ್ತೆ. ಟೇಬಲ್ ಚಿಕ್ಕದಿದ್ದಾಗ ಗೊತ್ತೇ ಆಗಲ್ಲ, ಅದೇ ಮೋಸ.

ಇನ್ನೊಂದು, ಮುಂದೆ ಯಾರಾದ್ರೂ ಆ ಕಾಲಂನ ಟೈಮ್‌ಸ್ಟ್ಯಾಂಪ್ ಟೈಪಿಗೆ ಬದಲಾಯಿಸಿದ್ರೆ ಹುಷಾರು. ಮೈಎಸ್‌ಕ್ಯೂಎಲ್ ಅದನ್ನ ಯುಟಿಸಿಲಿ (ಜಗತ್ತಿನ ಸ್ಟ್ಯಾಂಡರ್ಡ್ ಟೈಮ್) ಇಟ್ಟು ಸೆಷನ್ ಟೈಮ್‌ಝೋನಿಗೆ (ನಿಮ್ಮ ಕನೆಕ್ಷನ್‌ಗೆ ಸೆಟ್ ಆಗಿರೋ ಟೈಮ್‌ಝೋನು) ತಿರುಗಿಸಿ ತೋರಿಸುತ್ತೆ, ಹಂಗಾಗಿ ಒಂದೇ ಕ್ವೆರಿ ನಿಮ್ಮ ಮಷೀನಲ್ಲಿ ಒಂದು ಲೆಕ್ಕ, ಸರ್ವರಲ್ಲಿ ಇನ್ನೊಂದು ಲೆಕ್ಕ ಕೊಡಬಹುದು. ಡೇಟ್‌ಟೈಮಿಗೆ ಆ ಕಾಟ ಇಲ್ಲ, ಹಾಕಿದ್ದೇ ವಾಪಸ್ ಬರುತ್ತೆ.