ತೊಂಬತ್ತು ನಂಬರ್ ಆಯಿಲ್ ಕಾರಿಗೆ ನಡೀತೈತೇನ್ರಿ? ಗೇರ್ ಆಯಿಲ್ ಪ್ರಶ್ನೋತ್ತರ

ಪ್ರಶ್ನೆ (ಅಣ್ಣಿಗೇರಿ): ಪೆಟ್ರೋಲ್ ಹ್ಯಾಚ್‌ಬ್ಯಾಕ್, 5 ಗೇರ್ ಮ್ಯಾನ್ಯುಯಲ್, 62,000 ಕಿ.ಮೀ. ಓಡೈತಿ. ಗೇರ್ ಆಯಿಲ್ ಒಮ್ಮೆನೂ ಬದಲಿ ಮಾಡಿಸಿಲ್ಲ. ಮುಂಜಾನೆ ಎರಡನೇ ಗೇರ್ ಬಿಗಿ ಬೀಳತೈತಿ. ಟ್ರ್ಯಾಕ್ಟರ್‌ಗೆ ತಂದ ಇಪಿ 90 ಆಯಿಲ್ ಅರ್ಧ ಕ್ಯಾನ್ ಮನಿಯಾಗ ಉಳದೈತಿ. ಕಾರಿನ ಪುಸ್ತಕದಾಗ 75ಡಬ್ಲ್ಯು-80, ಜಿಎಲ್-4 ಅಂತ ಬರದಾರ. ಎರಡೂ ಗೇರ್ ಆಯಿಲ್ಲೇ ಅಲ್ಲೇನ್ರಿ? ಹಾಕಿದ್ರ ಏನಾಗತೈತಿ?

ಉತ್ತರ (ಗೇರ್‌ಬಾಕ್ಸ್ ಮಿಸ್ತ್ರಿ, ಹುಬ್ಬಳ್ಳಿ): ಬ್ಯಾಡ್ರಿ. 75ಡಬ್ಲ್ಯು-80, 90 ಅನ್ನೂವು ದಪ್ಪದ ನಂಬರ್, ಜಿಎಲ್ ಅನ್ನೂದು ಹಲ್ಲಿನ ಒತ್ತಡ ತಡೆಯೂ ಗುಣದ ದರ್ಜೆ. ನಿಮ್ಮ 90, ಪುಸ್ತಕದ 75ಡಬ್ಲ್ಯು-80ಕ್ಕಿಂತ ದಪ್ಪ. ಈಗ ಬಿಗಿ ಬೀಳೂ ಗೇರ್ ಇನ್ನೂ ಬಿಗಿ ಆಗತೈತಿ.

ಸಿಂಕ್ರೊ ರಿಂಗ್ ಅಂತ ಹಿತ್ತಾಳಿದೊಂದು ಬಳಿ ಇರತೈತಿ. ಗೇರ್ ಬೀಳೂ ಮುಂಚೆ ಅದು ಗೇರಿನ ಕೋನ್ (ಶಂಕುವಿನಂಥ ಮೈ) ಮ್ಯಾಲ ಒತ್ತಿ ಹಿಡದು ಎರಡೂ ಕಡೆ ತಿರುಗೂ ವೇಗ ಸಮ ಮಾಡತೈತಿ. ರಿಂಗ್ ಒಳಮೈಗೆ ಉಗುರಿಗೆ ಹತ್ತೂವಂಥ ಸಣ್ಣ ಸಣ್ಣ ಗೆರಿ ಅದಾವ. ನಡುವಿನ ಆಯಿಲ್ ಪದರ ಕತ್ತರಿಸಿ ಹೊರಗ ತಳ್ಳೂದು ಆ ಗೆರಿಗಳ ಕೆಲಸ. ಆಯಿಲ್ ದಪ್ಪ ಇದ್ರ ಪದರ ಲಗೂ ಹೋಗೂದಿಲ್ಲ. ರಿಂಗ್ ಹಿಡಿಯೂದು ಬಿಟ್ಟು ಜಾರತೈತಿ, ಗೇರ್ "ಕರ್ರ್" ಅಂತೈತಿ. ಡಿಸೆಂಬರ್ ಮುಂಜಾನಿ ಥಂಡಿಯೊಳಗ ಎರಡನೇ ಗೇರ್ ಹಟ ಹಿಡಿಯೂದು ಇದಕ್ಕ. ಗಾಡಿ ನಾಕೈದು ಕಿ.ಮೀ. ಓಡಿ ಆಯಿಲ್ ಬಿಸಿ ಆದ ಮ್ಯಾಲೂ ಗೇರ್ ಕಚ್ಚಿದ್ರ ಆಗ ರಿಂಗ್ ಸವದದ್ದು ಅನ್ರಿ. ಅದಕ್ಕ ಯಾವ ಆಯಿಲ್ಲೂ ಔಷಧ ಅಲ್ಲ.

ಇನ್ನೊಂದು, ಕ್ಯಾನ್ ತಿರುವಿ ಜಿಎಲ್-4 ಐತೋ ಜಿಎಲ್-5 ಐತೋ ನೋಡ್ರಿ. ಬರೇ "ಇಪಿ 90" ಅಂದ್ರ ಅರ್ಧ ಮಾತು ಹೇಳಿದಂಗ. ಜಿಎಲ್-5 ಇರೂದು ಜೀಪು, ಪಿಕಪ್ಪಿನ ಹಿಂದಿನ ಹೌಸಿಂಗ್‌ನ್ಯಾಗಿನ ಕ್ರೌನ್-ಪಿನಿಯನ್‌ಗೆ. ಕ್ರೌನ್-ಪಿನಿಯನ್ ಅಂದ್ರ ಎಂಜಿನ್ ಶಕ್ತಿ ಹಿಂದಿನ ಗಾಲಿ ಕಡೆ ತಿರುಗಿಸೂ ಗೇರ್ ಜೋಡಿ. ಅಲ್ಲಿ ಹಲ್ಲು ಹಲ್ಲಿನ ಮ್ಯಾಲ ಒತ್ತಿ ಜಾರತಾವ, ಅದಕ್ಕ ಗಂಧಕ-ರಂಜಕದ ಮಸಾಲಿ ಜಾಸ್ತಿ ಬೇಕು. ಮುಂದಿನ ಗಾಲಿ ಎಳೆಯೂ ಸಣ್ಣ ಕಾರಿನ್ಯಾಗ ಅಂಥ ಕ್ರೌನ್-ಪಿನಿಯನ್ನೇ ಇರೂದಿಲ್ಲ. ಎಡ-ಬಲ ಗಾಲಿಗೆ ಶಕ್ತಿ ಹಂಚೂ ಡಿಫರೆನ್ಶಿಯಲ್ ಗೇರ್‌ಬಾಕ್ಸ್ ಒಳಗ ಇರತೈತಿ, ಸಾದಾ ಓರೆ ಹಲ್ಲಿನ ಗೇರ್ ಮ್ಯಾಲ ನಡೀತೈತಿ. ಜಿಎಲ್-4 ಸಾಕು.

ಉತ್ತರ (ಲೂಬ್ರಿಕಂಟ್ ವ್ಯಾಪಾರ, ಗದಗ): ಮಿಸ್ತ್ರಿಯವರ ಮಾತಿಗೆ ಎರಡು ಸೇರಿಸುತ್ತೇನೆ. ಕೌಂಟರ್‌ನಲ್ಲಿ ದಿನಾ ಕೇಳುವ ಮಾತು: "ಎಂಜಿನ್‌ಗೆ 40 ನಂಬರ್, ಗೇರ್‌ಗೆ 90 ನಂಬರ್, ಅಂದರೆ ಗೇರ್ ಆಯಿಲ್ ಎರಡು ಪಟ್ಟು ದಪ್ಪ." ಹಾಗಲ್ಲ. ಎಂಜಿನ್ ಆಯಿಲ್‌ನ ಅಳತೆಗೋಲು ಬೇರೆ, ಗೇರ್ ಆಯಿಲ್‌ದು ಬೇರೆ. 100 ಡಿಗ್ರಿ ಬಿಸಿಯಲ್ಲಿ 90 ನಂಬರಿನ ಗೇರ್ ಆಯಿಲ್ 13.5ರಿಂದ 18.5 ಸೆಂಟಿಸ್ಟೋಕ್ (ದಪ್ಪ ಅಳೆಯುವ ಮಾನ) ಒಳಗಿರುತ್ತದೆ. ಎಂಜಿನ್ ಆಯಿಲ್‌ನ 40-50 ನಂಬರಿಗೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ನಂಬರ್ ನೋಡಿ ಒಂದನ್ನು ಇನ್ನೊಂದರ ಜೊತೆ ಹೋಲಿಸಬೇಡಿ, ಪುಸ್ತಕದಲ್ಲಿ ಬರೆದಿದ್ದನ್ನೇ ಕೇಳಿ ತೆಗೆದುಕೊಳ್ಳಿ.

ಎರಡನೆಯದು, "ಜಿಎಲ್-5 ಹಾಕಿದರೆ ಹಿತ್ತಾಳೆ ಕರಗಿಬಿಡುತ್ತದೆ" ಎಂಬ ಹೆದರಿಕೆ. ಹಳೆಯ ಕಾಲದ ಜಿಎಲ್-5ಗೆ ಅದು ನಿಜ. ಈಗಿನ ಒಳ್ಳೆಯ ಜಿಎಲ್-5 ಆಯಿಲ್‌ಗಳಲ್ಲಿ ತಾಮ್ರ-ಹಿತ್ತಾಳೆ ಕಾಯುವ ರಾಸಾಯನಿಕವೂ ಇರುತ್ತದೆ, ತಾಮ್ರದ ಪಟ್ಟಿ ಮುಳುಗಿಸಿ ಪರೀಕ್ಷೆಯನ್ನೂ ಮಾಡಿರುತ್ತಾರೆ. ಆದರೂ ಸಿಂಕ್ರೊಗೆ ಬೇಕಾದಷ್ಟು ಹಿಡಿತ ಅದು ಕೊಡುವುದಿಲ್ಲ. ಲೋಹ ಉಳಿಯಿತು, ಗೇರ್ ಮಾತ್ರ ಕಚ್ಚಿತು ಎಂಬ ಪರಿಸ್ಥಿತಿ. ಡಬ್ಬಿ ಮೇಲೆ "ಜಿಎಲ್-4/ಜಿಎಲ್-5" ಎರಡೂ ಬರೆದಿದ್ದರೆ, ನಿಮ್ಮ ಕಾರು ಕಂಪನಿಯ ಸ್ಪೆಸಿಫಿಕೇಶನ್ ನಂಬರ್ ಅದರ ಹಿಂಬದಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಶುದ್ಧ ಜಿಎಲ್-4 ತೆಗೆದುಕೊಳ್ಳಿ.

ಪ್ರಶ್ನೆ (ಧಾರವಾಡ): ಮನಿಯೊಳಗ ನಾವ ಬದಲಿ ಮಾಡಬಹುದೇನು? ಎಂಜಿನ್ ಆಯಿಲ್ ಮಾಡಿ ರೂಢಿ ಐತಿ.

ಉತ್ತರ (ಮಿಸ್ತ್ರಿ): ಮಾಡಬಹುದು, ಎಂಜಿನ್ ಆಯಿಲ್‌ಗಿಂತ ಸ್ವಲ್ಪ ಕಿರಿಕಿರಿ ಜಾಸ್ತಿ. ಸಣ್ಣ ಕಾರಿಗೆ ಸುಮಾರು 2 ಲೀಟರ್ ಹಿಡಿತೈತಿ. ಖರೆ ಲೆಕ್ಕ ಪುಸ್ತಕದಾಗ ಇರತೈತಿ, ಅದಕ್ಕಿಂತ ಅರ್ಧ ಲೀಟರ್ ಹೆಚ್ಚಿಗೆ ತಂದಿಟ್ಕೊರಿ. ಹೊಸ ವಾಷರ್ ಎರಡು ತರ್ರಿ. ಹಳೇ ವಾಷರ್ ಒಮ್ಮೆ ಒತ್ತಿ ಚಪ್ಪಟಿ ಆಗಿರತೈತಿ, ಅದನ್ನ ಮತ್ತ ಹಾಕಿದ್ರ ಹನಿ ಬೀಳೂದು ಗ್ಯಾರಂಟಿ.

ಗಾಡಿ ಮೊದಲ ಬಿಸಿ ಮಾಡ್ರಿ, ಉಣಕಲ್‌ದಿಂದ ನವನಗರಕ್ಕ ಹೋಗಿ ಬಂದ್ರ ಸಾಕು. ಸ್ಟ್ಯಾಂಡ್ ಇಲ್ಲದ ಬರೇ ಜ್ಯಾಕ್ ಮ್ಯಾಲ ನಂಬಿಕಿ ಇಟ್ಟು ಗಾಡಿ ಕೆಳಗ ಹೋಗಬ್ಯಾಡ್ರಿ.

ಈಗ ಮುಖ್ಯ ಮಾತು: ಮೊದಲ ಬಿಚ್ಚೂದು ಮ್ಯಾಲಿನ ತುಂಬೂ ಬೋಲ್ಟು, ಆಯಿಲ್ ಖಾಲಿ ಮಾಡೂ ಕೆಳಗಿನ ಡ್ರೇನ್ ಬೋಲ್ಟ್ ಅಲ್ಲ. ವರ್ಷಗಟ್ಟಲೆ ತೆಗೀದ ತುಂಬೂ ಬೋಲ್ಟ್ ಅಂಟಿರತೈತಿ. ಕೆಳಗಿಂದೆಲ್ಲಾ ಖಾಲಿ ಮಾಡಿ ಆಮ್ಯಾಲ ಅದು ಬರಲಿಲ್ಲ ಅಂದ್ರ ಗಾಡಿ ಅಂಗಳದಾಗ ಕುಂದರತೈತಿ, ಟೋಯಿಂಗ್ ಕರೀಬೇಕು. ಕೆಲವು ಬೋಲ್ಟಿನ ತಲಿಯೊಳಗ ಚೌಕ ತೂತು ಇರತೈತಿ, 3/8 ರ‍್ಯಾಚೆಟ್ಟಿನ ಉದ್ದ ಎಕ್ಸ್‌ಟೆನ್ಶನ್ ನೆಟ್ಟಗ ಕುಂದರತೈತಿ. ಪಾನಾ ಹೊರಗಿಂದ ಹಾಕಿ ಮೂಲಿ ಉರುಟು ಮಾಡಬ್ಯಾಡ್ರಿ.

ಡ್ರೇನ್ ಬಿಚ್ಚಿ 15-20 ನಿಮಿಷ ಬಿಡ್ರಿ. ಬೋಲ್ಟಿನ ತುದಿಯ ಮ್ಯಾಗ್ನೆಟ್ ನೋಡ್ರಿ. ಕಾಡಿಗಿಯಂಥ ನುಣ್ಣನೆ ಬೂದು ಪೇಸ್ಟ್ ಇದ್ರ ಸಹಜ, ಒರಸಿ ಹಾಕ್ರಿ. ಬೆರಳಿಗೆ ಚುಚ್ಚೂ ಚೂರು, ಹಲ್ಲಿನ ತುಂಡು ಇದ್ರ ಅಲ್ಲೇ ನಿಲ್ಲರಿ. ಆಮ್ಯಾಲ ಹಳೇ ಆಯಿಲ್ ಹಿಡದ ಟ್ರೇ ಬಿಸಲಾಗ ಇಟ್ಟು ಓರೆ ಮಾಡ್ರಿ. ಜರಿ ಹುಡಿ ಉದರಿಸಿದಂಗ ಬಂಗಾರದ ಹೊಳಪು ಕಂಡ್ರ ಅದು ಸಿಂಕ್ರೊ ರಿಂಗ್ ಸವದ ಹಿತ್ತಾಳಿ. ಹಿತ್ತಾಳಿ ಮ್ಯಾಗ್ನೆಟ್ಟಿಗೆ ಹತ್ತೂದಿಲ್ಲ, ಅದಕ್ಕ ಬರೇ ಬೋಲ್ಟ್ ನೋಡಿದ್ರ ಗೊತ್ತಾಗೂದಿಲ್ಲ.

ತುಂಬೂ ಹೊತ್ತಿಗೆ ಗಾಡಿ ಸಪಾಟ ಇರಬೇಕು. ಬಹಳ ಮಂದಿ ತಪ್ಪೂದು ಇಲ್ಲೇ. ಮೂತಿ ಅಷ್ಟ ಎತ್ತಿ ತುಂಬಿದ್ರ ಲೆವಲ್ ಸುಳ್ಳಾಗತೈತಿ. ನಾಕೂ ಗಾಲಿ ಸಮ ಎತ್ತರಕ್ಕ ಎತ್ತರಿ, ಇಲ್ಲಾ ನೆಲಕ್ಕ ಇಳಿಸಿ ಬಾನೆಟ್ ಕಡೆಯಿಂದ ಉದ್ದ ಪೈಪು, ಲಾಳಿಕಿ ಹಿಡದು ತುಂಬರಿ. ತುಂಬೂ ತೂತಿನ ಕೆಳ ಅಂಚಿನಿಂದ ಎಳಿ ಎಳಿಯಾಗಿ ಹೊರಗ ಬಂದ್ರ ಸಾಕು. ಕೆಲವು ಗಾಡಿಗೆ ಲೆವಲ್ ತೂತೇ ಇರೂದಿಲ್ಲ, ಅಲ್ಲಿ ಪುಸ್ತಕದ ಲೆಕ್ಕದಷ್ಟು ಅಳದು ಹಾಕೂದೊಂದ ದಾರಿ. ಹೆಚ್ಚಾದ್ರ ನೊರೆ ಬಂದು ಗಾಳಿ ಆಡೂ ಸಣ್ಣ ತೂತು, ಅಂದ್ರ ಬ್ರೀದರ್‌ದಿಂದ, ಡ್ರೈವ್ ಶಾಫ್ಟ್ ಸೀಲ್‌ದಿಂದ ಹೊರಗ ಕಕ್ಕತೈತಿ. ಕಡಿಮಿ ಆದ್ರ ಭಾಳ ಗೇರ್‌ಬಾಕ್ಸ್‌ನ್ಯಾಗ ಮೊದಲ ಒಣಗೂದು ತುದಿ ಕವರ್‌ನ್ಯಾಗಿನ ಐದನೇ ಗೇರ್. ಹೌಸಿಂಗ್ ಅಲ್ಯೂಮಿನಿಯಂ, ಪುಸ್ತಕದ ಟಾರ್ಕ್‌ಗೆ ಬಿಗಿ ಮಾಡ್ರಿ. ಕೈಬಲ ತೋರಿಸಿದ್ರ ಥ್ರೆಡ್ ಕಿತ್ತು ಕೈಗೆ ಬರತೈತಿ.

ಪ್ರಶ್ನೆ (ನವಲಗುಂದ): ಮಳಿಗಾಲದಾಗ ಬೆಣ್ಣೆಹಳ್ಳದ ನೀರು ರಸ್ತೆಕ್ಕ ಬಂದಿತ್ತು. ಗಾಲಿ ಮುಳುಗೂವಷ್ಟು ನೀರಾಗ ದಾಟಿದ್ವಿ. ಎಂಜಿನ್ ಬಂದ್ ಆಗಲಿಲ್ಲ. ಗೇರ್‌ಬಾಕ್ಸ್ ನೋಡಿಸಬೇಕೇನು?

ಉತ್ತರ (ಮಿಸ್ತ್ರಿ): ನೋಡಿಸಲೇಬೇಕ್ರಿ. ಓಡಿ ಬಿಸಿಯಾದ ಗೇರ್‌ಬಾಕ್ಸ್ ಒಮ್ಮೆಲೆ ತಣ್ಣೀರಿಗೆ ಬಿದ್ರ ಒಳಗಿನ ಗಾಳಿ ಕುಗ್ಗತೈತಿ, ಬ್ರೀದರ್‌ದಿಂದ, ಹಳೇ ಸೀಲ್‌ದಿಂದ ನೀರು ಎಳಕೊಂತೈತಿ. ಎಂಜಿನ್ ಚಂದ ಓಡಿದ್ರೂ ಇದು ಆಗಿರತೈತಿ. ತುಂಬೂ ಬೋಲ್ಟ್ ಬಿಚ್ಚಿ ಬೆರಳು ಹಾಕಿ ನೋಡ್ರಿ. ಆಯಿಲ್ ಹಾಲು ಹಾಕಿದ ಚಹಾದಂಗ ಕಂಡ್ರ ನೀರು ಕೂಡೈತಿ. ಆಮ್ಯಾಲ ಓಡಿಸಬ್ಯಾಡ್ರಿ, ಬೇರಿಂಗ್‌ಗೆ ತುಕ್ಕು ಹಿಡದು ಹೋಂ ಅಂತ ಸಪ್ಪಳ ಶುರು ಆಗತೈತಿ. ಖಾಲಿ ಮಾಡಿ ಅದೇ ಗ್ರೇಡಿನ ಸೋವಿ ಆಯಿಲ್ ತುಂಬಿ, ಮನಿ ಸುತ್ತ ಮೆಲ್ಲಕ ತಿರುಗಿಸಿ ಮತ್ತ ಖಾಲಿ ಮಾಡ್ರಿ. ಬಣ್ಣ ತಿಳಿ ಆಗೂತನಕ ಮಾಡಿ, ಆಮ್ಯಾಲ ಒಳ್ಳೇ ಆಯಿಲ್. ಡೀಸೆಲ್, ಸೀಮೆಎಣ್ಣಿ ಹಾಕಿ ತೊಳೀಬ್ಯಾಡ್ರಿ. ಎರೆಹೊಲದ ಧೂಳಿಗೆ ಹೆದರಿ ವರ್ಷಾ ಗೇರ್ ಆಯಿಲ್ ಬದಲಿ ಮಾಡಿಸೂವರು ಅದಾರ. ಧೂಳು ಗೇರ್‌ಬಾಕ್ಸ್ ಒಳಗ ಹೋಗೂದು ಅಪರೂಪ, ನೀರು ಹೋಗೂದು ಭಾಳ.

ಪ್ರಶ್ನೆ (ರಾಣೆಬೆನ್ನೂರು): ಮನೆಯಲ್ಲಿ ಕ್ಲಚ್ ಪೆಡಲ್ ಇಲ್ಲದ ಎರಡು ಕಾರು, ಒಂದು ಎಎಂಟಿ, ಇನ್ನೊಂದು ಸಿವಿಟಿ. ಸಿವಿಟಿಯ ಆಯಿಲ್ "ಲೈಫ್‌ಟೈಮ್" ಎನ್ನುತ್ತಾರೆ. ಇನ್ನೊಬ್ಬರು ಮಷೀನ್ ಫ್ಲಶ್ ಮಾಡಿಸಿ ಎನ್ನುತ್ತಾರೆ.

ಉತ್ತರ (ಲೂಬ್ರಿಕಂಟ್ ವ್ಯಾಪಾರ): ಎಎಂಟಿ ಎಂದರೆ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಕಾಲಿನ ಬದಲು ಮೋಟಾರೋ ಹೈಡ್ರಾಲಿಕ್ಕೋ ಇರುತ್ತದೆ, ಅಷ್ಟೇ. ಗೇರ್ ಆಯಿಲ್ ಅದೇ. ಹೈಡ್ರಾಲಿಕ್ ಇರುವ ಗಾಡಿಯಲ್ಲಿ ಅದರ ಪುಟ್ಟ ಟ್ಯಾಂಕಿನ ದ್ರವ ಬೇರೆ, ಅದಕ್ಕೆ ಗೇರ್ ಆಯಿಲ್ ಸೋಕಿಸಬೇಡಿ.

ಸಿವಿಟಿಯಲ್ಲಿ ಉಕ್ಕಿನ ಬೆಲ್ಟು ಎರಡು ಪುಲ್ಲಿಗಳ ನಡುವೆ ಹಿಡಿತದ ಮೇಲೆ ನಡೆಯುತ್ತದೆ. ಆ ಹಿಡಿತ ಕೊಡುವುದು ಸಿವಿಟಿ ದ್ರವ. ಸಾಮಾನ್ಯ ಎಟಿಎಫ್ (ಬೇರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ದ್ರವ) ಹಾಕಿದರೆ ಬೆಲ್ಟು ಜಾರಿ ಪುಲ್ಲಿಯ ಮೇಲೆ ಗೆರೆ ಬೀಳುತ್ತದೆ. ಆಮೇಲೆ ರಿಪೇರಿ ಎಂದರೆ ಇಡೀ ಗೇರ್‌ಬಾಕ್ಸಿನ ಮಾತು. ಕೆಂಪು ಬಣ್ಣ ನೋಡಿ ಆರಿಸಬೇಡಿ, ಬಣ್ಣ ಬರೀ ಡೈ.

ಲೈಫ್‌ಟೈಮ್ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ಬಿಸಿಗೆ ಯಾವ ದ್ರವವೂ ಹಳಸುತ್ತದೆ. ಡ್ರೇನ್ ಮಾಡಿದರೆ ಬರುವುದು ಸುಮಾರು ಅರ್ಧ, ಉಳಿದದ್ದು ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ದ್ರವದ ಮೂಲಕ ದಾಟಿಸುವ ಭಾಗ), ಕೂಲರ್ ಪೈಪುಗಳಲ್ಲಿ ನಿಲ್ಲುತ್ತದೆ. ಹೊರಬಂದದ್ದನ್ನು ಅಳತೆ ಜಾರಿನಲ್ಲಿ ಅಳೆದು ಅಷ್ಟೇ ಹೊಸದನ್ನು ಹಾಕಿ, ಕೆಲವು ಸಾವಿರ ಕಿ.ಮೀ. ಬಿಟ್ಟು ಇನ್ನೊಮ್ಮೆ ಮಾಡಿಸಿ. ಒತ್ತಡದ ಮಷೀನ್ ಫ್ಲಶ್‌ನಲ್ಲಿ ತಳದ ಮಡ್ಡಿ ಎದ್ದು, ದ್ರವದ ಒತ್ತಡ ಹಂಚುವ ವಾಲ್ವ್ ಬಾಡಿಗೆ ಸಿಕ್ಕುವ ಅಪಾಯವಿದೆ. ಲೆವಲ್ ನೋಡುವಾಗ ಕಂಪನಿ ಹೇಳಿದ ದ್ರವದ ಉಷ್ಣತೆಯಲ್ಲಿ, ಎಂಜಿನ್ ಚಾಲೂ ಇಟ್ಟು, ಸ್ಕ್ಯಾನರ್ ಹಚ್ಚಿ ನೋಡಬೇಕು. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ಮೇಲೆ ಅಂದಾಜು ಮಾಡಿದರೆ ಕಡಿಮೆ ತುಂಬಿಬಿಡುತ್ತೀರಿ, ಏಕೆಂದರೆ ಬಿಸಿಗೆ ದ್ರವ ಉಬ್ಬಿ ಲೆವಲ್ ಮೇಲೆ ತೋರಿಸುತ್ತದೆ.

ಪ್ರಶ್ನೆ (ಅಣ್ಣಿಗೇರಿ): ಹಂಗಾದ್ರ ಆ ಅರ್ಧ ಕ್ಯಾನ್ ಏನ್ಮಾಡ್ಲಿ? ಕಾರಿನಿಂದ ತೆಗೆದ ಹಳೇ ಆಯಿಲ್ ಬಾಗಲಕ್ಕ ಹಚ್ಚಿದ್ರ ಗೆದ್ದಲ ಬರೂದಿಲ್ಲ ಅಂತಾರ.

ಉತ್ತರ (ಮಿಸ್ತ್ರಿ): ಬಾಗಲಕ್ಕ ಹಚ್ಚಬ್ಯಾಡ್ರಿ, ಗಂಧಕದ ನಾತ ಮನಿತುಂಬ ಹಿಡಿತೈತಿ. ಗಟಾರಕ್ಕೂ ಬ್ಯಾಡ, ಮುಚ್ಚಳದ ಕ್ಯಾನ್‌ಗೆ ಹಾಕಿ ಹಳೇ ಆಯಿಲ್ ತಗೊಳ್ಳೂವರಿಗೆ ಕೊಡ್ರಿ. ಉಳದ 90 ನಂಬರ್ ಟ್ರ್ಯಾಕ್ಟರ್‌ಗೇ ಇರ್ಲಿ, ಆದ್ರ ಅಲ್ಲೂ ಪುಸ್ತಕ ನೋಡ್ರಿ. ಆಯಿಲ್‌ನ್ಯಾಗ ಮುಳುಗಿದ ಬ್ರೇಕ್ ಇರೂ ಟ್ರ್ಯಾಕ್ಟರ್‌ನ ಹಿಂದಿನ ಹೌಸಿಂಗ್‌ಗೆ ಬರೇ ಇಪಿ 90 ಹಾಕಿದ್ರ ಬ್ರೇಕ್ ಕಿರಗುಡತಾವ, ಜಾರತಾವ. ಅದಕ್ಕ ಬ್ಯಾರೇನ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ಆಯಿಲ್ ಬರತೈತಿ, ಯುಟಿಟಿಒ ಅಂತ ಡಬ್ಬಿ ಮ್ಯಾಲ ಬರದಿರತೈತಿ.