ಹಕ್ಕು ಬಿಟ್ಟರೂ ಸಾಲ ಬಿಡದು: ಜಂಟಿ ಫ್ಲ್ಯಾಟಿನ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಮೇಡಂ. ನಾನು, ನನ್ನ ಗಂಡ 2019ರಲ್ಲಿ ಬೆಂಗಳೂರಿನಲ್ಲಿ ಜಂಟಿ ಹೆಸರಿನಲ್ಲಿ ಫ್ಲ್ಯಾಟ್ ಕೊಂಡೆವು. ಗೃಹಸಾಲಕ್ಕೂ ಇಬ್ಬರ ಸಹಿ ಇದೆ, 38 ಲಕ್ಷ ಬಾಕಿ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದೇವೆ, ತೀರ್ಪು ಬಂದಿಲ್ಲ. 12 ಲಕ್ಷ ಕೊಟ್ಟರೆ ನನ್ನ ಗಂಡ ಅವರ ಪಾಲು ಬಿಟ್ಟುಕೊಡುತ್ತಾರಂತೆ. ಮಗಳ ಶಾಲೆ ಹತ್ತಿರವಿರುವುದರಿಂದ ಮನೆ ನನಗೇ ಬೇಕು. ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸಿದರೆ ಸಾಕು ಎನ್ನುತ್ತಾರೆ ನಮ್ಮ ಭಾವ. ಸಾಕೇ?

ವಕೀಲರ ಉತ್ತರ: ಸಾಕಾಗುವುದಿಲ್ಲ. ನೋಟರಿ ಮುದ್ರೆಯಿಂದ ಸ್ಥಿರಾಸ್ತಿಯ ಹಕ್ಕು ಕೈಬದಲಾಗದು. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಹಕ್ಕು ಖುಲಾಸೆ ಪತ್ರ, ಅಂದರೆ ತಮ್ಮ ಪಾಲಿನ ಹಕ್ಕು ಬಿಟ್ಟುಕೊಡುವ ಪತ್ರ, ನೋಂದಣಿಯಾಗಬೇಕು.

ಆದರೆ ಅಲ್ಲಿಗೆ ಓಡುವ ಮೊದಲು ಬ್ಯಾಂಕಿಗೆ ಹೋಗಿ. ಹಕ್ಕು ಬೇರೆ, ಸಾಲ ಬೇರೆ. ನಿಮ್ಮಿಬ್ಬರ ನಡುವಿನ ಪತ್ರ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಮನೆಯ ಮೇಲೆ ಕಿಂಚಿತ್ತೂ ಹಕ್ಕಿಲ್ಲದಿದ್ದರೂ ಪೂರ್ತಿ ಸಾಲಕ್ಕೆ ನಿಮ್ಮ ಗಂಡ ಹೊಣೆಯಾಗಿಯೇ ಉಳಿಯುತ್ತಾರೆ. ನೀವು ಒಂದು ಕಂತು ತಪ್ಪಿಸಿದರೆ ಅವರ ಸಿಬಿಲ್ ಅಂಕವೂ (ಸಾಲ ತೀರಿಸುವ ಶಿಸ್ತನ್ನು ತೋರಿಸುವ ಅಂಕ) ಕುಸಿಯುತ್ತದೆ. ಅವರ ವಕೀಲೆ ನಾನಾಗಿದ್ದರೆ, ಸಾಲದಿಂದ ಹೆಸರು ತೆಗೆದ ಪತ್ರ ಕೈಸೇರುವವರೆಗೆ ಸಹಿ ಹಾಕಲು ಬಿಡುತ್ತಿರಲಿಲ್ಲ. ನಿಮಗೂ ಒಂದು ಮಾತು: 12 ಲಕ್ಷವನ್ನು ಮುಂಗಡವಾಗಿ ಕೊಡಬೇಡಿ. ನೋಂದಣಿಯ ದಿನವೇ ಡಿಡಿ ಕೊಟ್ಟು, ಅದರ ಸಂಖ್ಯೆಯನ್ನು ಪತ್ರದಲ್ಲಿ ಬರೆಸಿ.

ತೀರ್ಪು ಬರುವ ಮೊದಲೇ ಇದನ್ನು ಮುಗಿಸುವುದು ಲೇಸು. ಗಂಡ ಹೆಂಡತಿಯಾಗಿರುವವರೆಗೆ ಮುದ್ರಾಂಕ ಶುಲ್ಕದಲ್ಲಿ ಕುಟುಂಬದವರಿಗಿರುವ ರಿಯಾಯಿತಿ ಕೇಳಬಹುದು. ನ್ಯಾಯಾಲಯಕ್ಕೆ ಸಲ್ಲಿಸುವ ರಾಜಿ ಪತ್ರದಲ್ಲಿಯೂ ಫ್ಲ್ಯಾಟಿನ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಸಮೇತ ಎಲ್ಲವನ್ನೂ ಬರೆಸಿ.

ಅದೇ ಪ್ರಶ್ನೆದಾರರು: ಬ್ಯಾಂಕಿನಲ್ಲಿ ವಿಚಾರಿಸಿದೆ. ನನ್ನೊಬ್ಬಳ ಸಂಬಳಕ್ಕೆ 30 ಲಕ್ಷಕ್ಕಿಂತ ಹೆಚ್ಚು ಸಾಲ ಬರುವುದಿಲ್ಲವಂತೆ.

ವಕೀಲರ ಉತ್ತರ: ಸಂಬಳವಿರುವ ಅಣ್ಣನೋ ತಮ್ಮನೋ ಸಹ ಸಾಲಗಾರರಾಗಿ ಬರಬಹುದೇ ನೋಡಿ. ಅವಧಿ ಹೆಚ್ಚಿಸಿದರೂ ಕಂತು ಇಳಿಯುತ್ತದೆ. ಬೇರೆ ಬ್ಯಾಂಕಿನಲ್ಲೂ ಕೇಳಿ. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಸಾಲ ವರ್ಗಾಯಿಸಲು ಹೆದರಬೇಡಿ. ಇದ್ಯಾವುದೂ ಕೂಡಿಬರದಿದ್ದರೆ ಮಾರಿ, ಸಾಲ ತೀರಿಸಿ, ಉಳಿದದ್ದನ್ನು ಹಂಚಿಕೊಳ್ಳಿ. ಶಾಲೆಯ ಹತ್ತಿರ ಬಾಡಿಗೆ ಮನೆಯೂ ಸಿಗುತ್ತದೆ.

ಇನ್ನೊಬ್ಬರ ಪ್ರಶ್ನೆ: ನಾವು ಮದುವೆಯಾಗಿರಲಿಲ್ಲ, ಜೊತೆಯಾಗಿ ಫ್ಲ್ಯಾಟ್ ಕೊಂಡಿದ್ದೆವು. ಈಗ ಬೇರೆಯಾಗಿದ್ದೇವೆ. ನನ್ನ ಅರ್ಧವನ್ನು ಅವನಿಗೆ ಉಚಿತವಾಗಿ ಬಿಟ್ಟುಕೊಟ್ಟು ಕೈತೊಳೆದುಕೊಳ್ಳಬೇಕು ಎಂದಿದ್ದೇನೆ.

ವಕೀಲರ ಉತ್ತರ: ಉಚಿತ ಎಂದರೆ ಅವನಿಗೇ ದುಬಾರಿ! ಕಾನೂನಿನ ಕಣ್ಣಿಗೆ ನೀವು ಸಂಬಂಧಿಕರಲ್ಲ. ಮೊದಲನೆಯದಾಗಿ ಶುಲ್ಕದ ರಿಯಾಯಿತಿ ಇಲ್ಲ, ಮಾರಾಟದ ದರವೇ: ಮುದ್ರಾಂಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2. ಬೆಂಗಳೂರಿನಲ್ಲಿ ಒಟ್ಟು ಶೇ 7.6ರ ಆಸುಪಾಸು. ಇನ್ನು, ಸಂಬಂಧಿಕರಲ್ಲದವರಿಂದ ಪುಕ್ಕಟೆಯಾಗಿ ಬಂದ ಸ್ಥಿರಾಸ್ತಿಯ ಮೌಲ್ಯ 50 ಸಾವಿರ ಮೀರಿದರೆ ಅದು ಪಡೆದವನ ಆದಾಯವೆಂದು ಲೆಕ್ಕವಾಗಿ ತೆರಿಗೆ ಬೀಳುತ್ತದೆ. ಸರಿಯಾದ ಬೆಲೆ ಪಡೆದು ಕ್ರಯಪತ್ರವನ್ನೇ ಮಾಡಿಕೊಡಿ. ನಿಮಗೆ ಬರುವ ಲಾಭದ ತೆರಿಗೆಯ ಬಗ್ಗೆ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ. ಇ-ಖಾತೆ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ಬೆಂಗಳೂರಿನಲ್ಲಿ ನೋಂದಣಿಯಾಗದು, ಅದನ್ನು ಇಂದೇ ನೋಡಿಕೊಳ್ಳಿ. ಸಾಲದ ಮಾತು ನಿಮಗೂ ಅದೇ: ಬ್ಯಾಂಕಿನ ಪತ್ರ ಮೊದಲು, ಸಹಿ ಆಮೇಲೆ.