ಟಿಬೆಟನ್ ಸಿಂಗಿಂಗ್ ಬೌಲ್ ಕೊಳ್ಳುವ ಮುನ್ನ: ಅಂಗಡಿಯವರ ಮಾತನ್ನು ಎಷ್ಟು ನಂಬಬಹುದು?

ಪ್ರಶ್ನೆ: ಯೋಗಾಸಕ್ತೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಹೋಗಿದ್ದಾಗ ಸಮೀಪದ ಅಂಗಡಿಯೊಂದರಲ್ಲಿ ಸಿಂಗಿಂಗ್ ಬೌಲ್‌ಗಳನ್ನು, ಅಂದರೆ ಬಾರಿಸಿದರೆ ಅಥವಾ ಅಂಚಿನ ಮೇಲೆ ಕೋಲು ಆಡಿಸಿದರೆ ನಾದ ಹೊಮ್ಮುವ ಲೋಹದ ಬಟ್ಟಲುಗಳನ್ನು ಕಂಡೆ. ಸಪ್ತಗ್ರಹಗಳಿಗೆ ಒಂದೊಂದರಂತೆ ಏಳು ಲೋಹ ಬೆರೆಸಿ ಇವನ್ನು ಮಾಡುತ್ತಾರೆಂದೂ, ಲಾಮಾಗಳು ಸಾವಿರಾರು ವರ್ಷಗಳಿಂದ ಧ್ಯಾನಕ್ಕೂ ರೋಗ ವಾಸಿಮಾಡುವುದಕ್ಕೂ ಬಳಸುತ್ತ ಬಂದಿದ್ದಾರೆಂದೂ ಅಂಗಡಿಯವರು ಹೇಳಿದರು. ಆದರೆ ಅದೇ ದಿನ ಮಂದಿರದೊಳಗೆ ಪೂಜೆ ನಡೆಯುವಾಗ ಉದ್ದನೆಯ ಕಹಳೆ, ದೊಡ್ಡ ಡೋಲು, ತಾಳ, ಕೈಗಂಟೆಗಳ ಸದ್ದು ಕೇಳಿತೇ ಹೊರತು ಬಟ್ಟಲಿನ ಸದ್ದು ಕೇಳಲೇ ಇಲ್ಲ. ನನಗೆ ನಿತ್ಯ ಧ್ಯಾನಕ್ಕೆ ಕೂರುವ ಅಭ್ಯಾಸವಿದೆ. ತಾಯಿಯವರಿಗೆ ಮೈಗ್ರೇನ್ ಇದೆ. ಇಬ್ಬರಿಗೂ ಇದರಿಂದ ಪ್ರಯೋಜನವಾದೀತೇ ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಕೊಪ್ಪದವ

ಮೇಡಂ, ನೀವು ಗಮನಿಸಿದ್ದು ಸರಿಯಾಗಿಯೇ ಇದೆ. ಬೈಲಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಶುರುವಾದದ್ದು 1961ರಲ್ಲಿ, ಬೌದ್ಧ ಗುರು ಪೆನೋರ್ ರಿಂಪೋಚೆಯವರು ಗೋಲ್ಡನ್ ಟೆಂಪಲ್ ಇರುವ ನಾಮ್‌ಡ್ರೋಲಿಂಗ್ ವಿಹಾರ ಸ್ಥಾಪಿಸಿದ್ದು 1963ರಲ್ಲಿ. ಅಲ್ಲಿನ ಪೂಜೆಗಳಲ್ಲಿ ಡುಂಗ್‌ಚೆನ್ ಎಂಬ ಉದ್ದ ಕಹಳೆ, ಗ್ಯಾಲಿಂಗ್ ಎಂಬ ಓಲಗದಂಥ ವಾದ್ಯ, ‘ವಜ್ರ’ ಎಂಬ ಲೋಹದ ಪೂಜಾ ಸಾಧನದ ಜೊತೆ ಹಿಡಿಯುವ ಡ್ರಿಲ್ಬು ಗಂಟೆ, ಡಮರು ಇವೆಲ್ಲಕ್ಕೂ ನಿಗದಿತ ಸ್ಥಾನವಿದೆ. ಪೂಜಾಪೀಠದ ಮುಂದೆ ಸಾಲಾಗಿ ಇಟ್ಟಿರುವ ಏಳು ಬಟ್ಟಲುಗಳನ್ನು ನೀವು ನೋಡಿರಬಹುದು. ಅವು ನೀರು ಅರ್ಪಿಸುವುದಕ್ಕೆ, ನುಡಿಸುವುದಕ್ಕಲ್ಲ. ಬಟ್ಟಲನ್ನೇ ಗಂಟೆಯಂತೆ ಬಾರಿಸುವ ಪದ್ಧತಿ ಜಪಾನಿನ ಬೌದ್ಧ ಮಂದಿರಗಳಲ್ಲಿ ಸ್ಪಷ್ಟವಾಗಿದೆ: ಮೆತ್ತೆಯ ಮೇಲಿಟ್ಟ ‘ರಿನ್’ ಎಂಬ ಬಟ್ಟಲುಗಂಟೆಯನ್ನು ಸೂತ್ರಪಠಣದ ವೇಳೆ ಬಾರಿಸುತ್ತಾರೆ. ಹಿಮಾಲಯದ ಬಟ್ಟಲಿಗೆ ಪಶ್ಚಿಮದಲ್ಲಿ ‘ಟಿಬೆಟನ್’ ಎಂಬ ಈಗಿನ ಹೆಸರು ಬಂದದ್ದರಲ್ಲಿ, ಸಂಗೀತಗಾರರಾದ ಹೆನ್ರಿ ವುಲ್ಫ್ ಮತ್ತು ನ್ಯಾನ್ಸಿ ಹೆನ್ನಿಂಗ್ಸ್ ಅವರು 1972ರಲ್ಲಿ ಹೊರತಂದ ‘ಟಿಬೆಟನ್ ಬೆಲ್ಸ್’ ಧ್ವನಿಮುದ್ರಿಕೆಯ ಪಾಲು ದೊಡ್ಡದು. ಹಾಗೆಂದು ಮಾರುವವರನ್ನೆಲ್ಲ ಮೋಸಗಾರರೆನ್ನಲು ನನಗೆ ಮನಸ್ಸಿಲ್ಲ. ಗಿರಾಕಿಗಳು ಕೇಳಬಯಸುವ ಕಥೆಯನ್ನೇ ಅವರು ಹೇಳುತ್ತಾರೆ.

ಉತ್ತರ: ಲೋಹವಿದ್ಯೆ

ಲೋಹದ ವಿಷಯಕ್ಕೆ ಬರುತ್ತೇನೆ. ಕೈಯಲ್ಲಿ ಬಡಿದು ಮಾಡಿದ ಒಳ್ಳೆಯ ಬಟ್ಟಲು ಎಂದರೆ ಕಂಚು: ಹೆಚ್ಚುಕಡಿಮೆ 78 ಭಾಗ ತಾಮ್ರ, 22 ಭಾಗ ತವರ. ಹಳೆಯ ಬಟ್ಟಲುಗಳನ್ನು ಪರೀಕ್ಷಿಸಿದಾಗಲೂ ಮುಖ್ಯವಾಗಿ ಸಿಗುವುದು ಇವೆರಡೇ. ಚಿನ್ನ ಬೆಳ್ಳಿ ಸೇರಿ ಏಳು ಲೋಹಗಳೆಂಬ ಮಾತು ವ್ಯಾಪಾರದ ಅಲಂಕಾರ. ಇಷ್ಟು ತವರವಿರುವ ಕಂಚನ್ನು ತಣ್ಣಗಿರುವಾಗ ಬಡಿದರೆ ಸೀಳುತ್ತದೆ. ಆದ್ದರಿಂದ ನೇಪಾಳದ ಕುಶಲಕರ್ಮಿಗಳು ಎರಕದ ಬಿಲ್ಲೆಯನ್ನು ಕೆಂಪಗೆ ಕಾಯಿಸಿ, ಹಲವರು ಸುತ್ತ ಕುಳಿತು ಸರದಿಯಂತೆ ಸುತ್ತಿಗೆಯಿಂದ ಬಡಿದು, ಮತ್ತೆ ಕುಲುಮೆಗಿಟ್ಟು, ಆಕಾರ ಬಂದ ಮೇಲೆ ಕಾದ ಬಟ್ಟಲನ್ನು ನೀರಿಗೆ ಅದ್ದುತ್ತಾರೆ. ಹೀಗೆ ಅದ್ದದೆ ನಿಧಾನವಾಗಿ ಆರಲು ಬಿಟ್ಟರೆ ಬಟ್ಟಲು ಸಣ್ಣ ಪೆಟ್ಟಿಗೂ ಒಡೆಯುವಷ್ಟು ಬಿರುಸಾಗುತ್ತದೆ.

ಅಂಚಿನ ಮೇಲೆ ಕೋಲು ಆಡಿಸಿದಾಗ ಬರುವ ನಾದ ಪಿಟೀಲಿನ ಕಮಾನಿನಂತೆಯೇ ಹುಟ್ಟುತ್ತದೆ: ಕೋಲು ಕ್ಷಣಕ್ಷಣಕ್ಕೂ ಅಂಚಿಗೆ ಅಂಟಿ, ಜಾರಿ, ಮತ್ತೆ ಅಂಟುತ್ತ ಲೋಹವನ್ನು ಕಂಪಿಸುತ್ತದೆ. ಕೈಯಿಂದ ಬಡಿದದ್ದು ಪೂರ್ಣ ವೃತ್ತವಾಗಿರುವುದಿಲ್ಲವಾದ್ದರಿಂದ ತೀರ ಹತ್ತಿರದ ಎರಡು ಸ್ವರಗಳು ಒಟ್ಟಿಗೆ ಏಳುತ್ತವೆ. ಒಂದು 200 ಹರ್ಟ್ಸ್ (ಸೆಕೆಂಡಿಗೆ 200 ಕಂಪನ), ಇನ್ನೊಂದು 203 ಹರ್ಟ್ಸ್ ಎಂದಿಟ್ಟುಕೊಳ್ಳಿ. ಸದ್ದು ಸೆಕೆಂಡಿಗೆ ಮೂರು ಬಾರಿ ಏರಿಳಿಯುತ್ತದೆ. ‘ಮಿದುಳಿನ ಅಲೆಗಳನ್ನು ಹೊಂದಿಸುತ್ತದೆ’ ಎಂದು ಜಾಹೀರಾತಿನಲ್ಲಿ ಹೇಳುವುದು ಈ ಏರಿಳಿತವನ್ನೇ. ನನ್ನ ಕಿವಿಗೆ ಅದು ಸೊಗಸಾದ ಸದ್ದು, ಅಷ್ಟೇ ಸಾಕು.

ಕೊಳ್ಳುವಾಗ ಬಟ್ಟಲನ್ನು ಚಾಚಿದ ಅಂಗೈ ಮೇಲೆ ಇಟ್ಟುಕೊಳ್ಳಿ, ಬೆರಳುಗಳಿಂದ ಬಿಗಿಹಿಡಿಯಬೇಡಿ. ಮೆಲ್ಲಗೆ ಒಂದು ಪೆಟ್ಟು ಕೊಟ್ಟು ನಾದ ಪೂರ್ತಿ ಅಡಗುವವರೆಗೂ ಕೇಳಿ. ಸದ್ದು ತಟ್ಟನೆ ನಿಂತರೆ ಅಥವಾ ಬಿರಿದ ಮಡಕೆಯಂತಿದ್ದರೆ ಕಣ್ಣಿಗೆ ಕಾಣದ ಸೀಳಿರಬಹುದು. ಕೋಲು ಆಡಿಸುವಾಗ ಗರಗರ ಎಂದರೆ ಮಾತ್ರ ಬಟ್ಟಲನ್ನು ದೂರಬೇಡಿ, ಕೈಯ ವೇಗ ತಗ್ಗಿಸಿ ಒತ್ತಡ ಹೆಚ್ಚಿಸಿ.

ಉತ್ತರ: ಕುಟುಂಬ ವೈದ್ಯ

ತಾಯಿಯವರ ಮೈಗ್ರೇನ್‌ಗೆ ಇದನ್ನು ಚಿಕಿತ್ಸೆಯೆಂದು ನಾನು ಸೂಚಿಸಲಾರೆ. 2017ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು 62 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ಬಟ್ಟಲುಗಳ ನಾದ ಕೇಳುತ್ತ ಧ್ಯಾನ ಮಾಡಿದ ಮೇಲೆ ಉದ್ವೇಗ, ಸಿಟ್ಟು, ಆಯಾಸ ಕಡಿಮೆಯಾದದ್ದು ಕಂಡುಬಂದಿತು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲವಾದ್ದರಿಂದ, ನಾದವಿಲ್ಲದೆ ಸುಮ್ಮನೆ ಮಲಗಿದ್ದರೂ ಅಷ್ಟೇ ಫಲ ಸಿಗುತ್ತಿತ್ತೇ ಎಂಬುದನ್ನು ಅದು ಹೇಳಲಾರದು. 2020ರ ಪರಿಶೀಲನಾ ಲೇಖನವೊಂದರ ಲೆಕ್ಕಕ್ಕೆ ಸಿಕ್ಕ ಅಧ್ಯಯನಗಳು ನಾಲ್ಕೇ ನಾಲ್ಕು. ಇನ್ನು, ಮೈಗ್ರೇನ್ ಇರುವ ಅನೇಕರಿಗೆ ತಲೆನೋವಿನ ಹೊತ್ತಿನಲ್ಲಿ ಯಾವ ಸದ್ದೂ ಸಹನೆಯಾಗುವುದಿಲ್ಲ. ಕಿವಿಯ ಬಳಿ ಕಂಚು ಬಾರಿಸುವುದು ಉಪದ್ರವವೇ ಆದೀತು. ಮೂರ್ಛೆರೋಗ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಗರ್ಭಿಣಿಯರು ಮೈಮೇಲೆ ಬಟ್ಟಲಿಟ್ಟು ನುಡಿಸಿಕೊಳ್ಳುವ ಮೊದಲು ವೈದ್ಯರನ್ನು ಕೇಳಬೇಕು. ನಿಮ್ಮ ಧ್ಯಾನಕ್ಕೆ ನನ್ನ ಅಭ್ಯಂತರವೇನೂ ಇಲ್ಲ: ಒಂದು ಪೆಟ್ಟು, ಅದರ ನಾದ ಕರಗುವವರೆಗೆ ಗಮನ, ಆಮೇಲೆ ಉಸಿರಿನ ಕಡೆಗೆ. ತಾಯಿಯವರ ಮಾತ್ರೆಗಳನ್ನು ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಬಟ್ಟಲಿಗೆ ನೀರು ತುಂಬಿ ನುಡಿಸಿ, ಆ ನೀರನ್ನು ತಾಯಿಯವರಿಗೆ ಕುಡಿಸಬೇಕೆಂದೂ ಅಂಗಡಿಯವರು ಹೇಳಿದ್ದರು. ಅದಕ್ಕೇನಾದರೂ ಅರ್ಥವಿದೆಯೇ?

ಉತ್ತರ: ಲೋಹವಿದ್ಯೆ

ನೀರು ಹಾಕಿ ನುಡಿಸಿ ನೋಡಿ, ಸಂತೋಷವಾಗುತ್ತದೆ: ಅಂಚಿನ ಬಳಿ ಸಣ್ಣ ಅಲೆಗಳೆದ್ದು, ಒತ್ತಡ ಹೆಚ್ಚಿದಂತೆ ಹನಿಗಳು ಚಿಮ್ಮಿ ನೀರಿನ ಮೇಲೆಯೇ ಪುಟಿಯುತ್ತವೆ, ಭೌತವಿಜ್ಞಾನಿಗಳು 2011ರಲ್ಲಿ ಇದನ್ನೇ ಕುರಿತು ವಿವರವಾದ ಪ್ರಬಂಧ ಬರೆದಿದ್ದಾರೆ. ಕುಡಿಯುವುದು ಮಾತ್ರ ಬೇಡ. ಯಂತ್ರದಲ್ಲಿ ಕಡೆದ ಅಗ್ಗದ ಬಟ್ಟಲುಗಳು ಬಹುಪಾಲು ಹಿತ್ತಾಳೆಯವು, ಹಿತ್ತಾಳೆಯಲ್ಲಿ ಸೀಸ ಬೆರೆತಿರುವ ಸಂಭವವುಂಟು. ನುಡಿಸಿದ ಮೇಲೆ ನೀರು ಚೆಲ್ಲಿ, ಒಣಬಟ್ಟೆಯಲ್ಲಿ ಒರೆಸಿಡಿ. ಇಲ್ಲವಾದರೆ ಒಳಗೆ ಹಸಿರು ಕಿಲುಬು ಕಟ್ಟುತ್ತದೆ.